ಜಯಣ್ಣನವರ ಮನೆಯ ಸರ್ವರ್

ಹೊಟ್ಟೆ ತುಂಬ ಉಂಡವನು ಮಾತಾಡಬಾರದು ಎಂದು ನಮ್ಮ ಹಿರಿಯರು ಹೇಳಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳಿಲ್ಲದಿದ್ದರೆ ಹೇಳಬೇಕಿತ್ತು. ಹಿಂದೂಪುರದ ಹುಣಸೆಹಣ್ಣಿನ ಮಂಡಿ ಜಯಣ್ಣನವರು ಕಲ್ಯಾಣದುರ್ಗದ ಒಂದು ಮದುವೆಯಲ್ಲಿ ಎರಡನೇ ಸಲ ಹೋಳಿಗೆ ಹಾಕಿಸಿಕೊಂಡು, ಅದರ ಮೇಲೆ ತುಪ್ಪ ಬೀಳುವ ಹೊತ್ತಿಗೆ ಒಂದೇ ಒಂದು ಮಾತು ಆಡಿದರು. ಅದರಿಂದ ಆದ ಅನಾಹುತವನ್ನೆಲ್ಲ ನೋಡುವ ಭಾಗ್ಯ ನನ್ನದಾಯಿತು, ಏಕೆಂದರೆ ನಾನು ಅವರ ಎದುರು ಮನೆಯವನು. ನನ್ನ ಕಿಟಕಿಗೆ ಕಾಣದ್ದನ್ನು ನನ್ನ ಹೆಂಡತಿ ಹೋಗಿ ಕೇಳಿಕೊಂಡು ಬಂದಳು.

ಜಯಣ್ಣ ಆ ಮದುವೆಗೆ ಹೋಗಿದ್ದು ಬರೀ ಅಕ್ಷತೆ ಹಾಕುವುದಕ್ಕಲ್ಲ. ಅವರ ಮಗಳು ಪುಷ್ಪಲತಾ ಇಲ್ಲಿನ ಒಂದು ಕಾಲೇಜಿನಲ್ಲಿ ಲೆಕ್ಕ ಪಾಠ ಮಾಡುತ್ತಾಳೆ. ಜಯಣ್ಣನ ಹೆಂಡತಿ ನಿರ್ಮಲಮ್ಮನಿಗೆ ದೊಡ್ಡಪ್ಪನ ಮಗ ರುದ್ರಮುನಿ; ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ಎಣ್ಣೆ ಗಾಣ ಇಟ್ಟವರು. ಅವರ ಮಗ ತಿಪ್ಪೇಶ್. ಹುಡುಗ ಹುಡುಗಿ ನೆಂಟರ ಮನೆಯ ಗೃಹಪ್ರವೇಶ, ನಾಮಕರಣಗಳಲ್ಲಿ ನೋಡಿ, ಮಾತಾಡಿ, ಮನಸ್ಸು ಮಾಡಿಕೊಂಡಾಗಿತ್ತು. "ತಿಪ್ಪೇಶನಾದ್ರೆ ಆಗ್ತೀನಿ, ಇಲ್ದಿದ್ರೆ ಹಿಂಗೇ ಇರ್ತೀನಿ ಕಣಮ್ಮ," ಎಂದು ಮಗಳು ತಾಯಿಗೆ ಹೇಳಿಯೂ ಆಗಿತ್ತು. ಉಳಿದಿದ್ದು ರುದ್ರಮುನಿಯವರ 'ಹೂಂ' ಒಂದೇ. ಆದರೆ ಅದು ಸುಲಭಕ್ಕೆ ಹೊರಡುವ ಪದಾರ್ಥವಲ್ಲ. ಗಾಣಕ್ಕೆ ಬಂದ ಕಡಲೆಕಾಯಿಯನ್ನು ಮೂಸಿ, ಕಚ್ಚಿ, ಕೈಯಲ್ಲಿ ಅಲ್ಲಾಡಿಸಿ, ಕೊನೆಗೆ 'ನೋಡಾನ' ಎನ್ನುವ ಮನುಷ್ಯ ಅವರು.

ಊಟದ ಪಂಕ್ತಿಯಲ್ಲಿ ಮಾತು ಸರ್ವರ್ ಕಡೆಗೆ ಹೊರಳಿತು. ನಮ್ಮ ಸೀಮೆಯಲ್ಲಿ ಸರ್ವರ್ ಎನ್ನುವುದು ಎಲ್ಲರಿಗೂ ಗೊತ್ತು. ಕಂಡವರು ಮಾತ್ರ ಯಾರೂ ಇಲ್ಲ. ರೇಷನ್ನಿಗೆ ಹೋದರೆ ಸರ್ವರ್ ಇಲ್ಲ, ಪಿಂಚಣಿಗೆ ಹೋದರೆ ಸರ್ವರ್ ಇಲ್ಲ, ರಿಜಿಸ್ಟ್ರಿಗೆ ಹೋದರೆ ಈಗ ತಾನೇ ಇತ್ತು, ಹೋಯ್ತು. ರುದ್ರಮುನಿಯವರ ಗಾಣದ ಜಾಗ ಕಂಪ್ಯೂಟರಿನಲ್ಲಿ ಇನ್ನೂ ತೀರಿಹೋದ ಅವರಪ್ಪನ ಹೆಸರಲ್ಲೇ ಇತ್ತು. ಹೆಸರು ಬದಲಾಯಿಸಲು ಹೋದಾಗಲೆಲ್ಲ ಇದೇ ಉತ್ತರ.

"ಈ ಕಾಲದಾಗೆ ಜಮೀನಿರೋನು ದೊಡ್ಡೋನಲ್ಲ, ಗಾಣ ಇರೋನೂ ದೊಡ್ಡೋನಲ್ಲ," ಎಂದು ರುದ್ರಮುನಿ ಎಲೆಯ ಮುಂದೆ ನಿಟ್ಟುಸಿರು ಬಿಟ್ಟರು. "ಆ ಸರ್ವರ್ರು ಯಾರ ಮನೇಲೈತೋ ಅವ್ನೇ ದೊಡ್ಡೋನು ಕಣಪ್ಪ."

ತುಪ್ಪ ಬಿತ್ತು. ಜಯಣ್ಣ ಬಾಯಿಬಿಟ್ಟರು.

"ನಮ್ಮನೇಲಿ ಒಂದೈತಲ್ಲ ಭಾವ."

ರುದ್ರಮುನಿಯವರ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಏನೈತೆ?"

"ಸರ್ವರ್ರು."

"ಮನೇಲಾ?"

"ನಡುಮನೇಲಿ."

ರುದ್ರಮುನಿ ತುತ್ತನ್ನು ಎಲೆಗೆ ಇಳಿಸಿದರು. ಅವರು ಹೋಳಿಗೆಯನ್ನು ಅರ್ಧಕ್ಕೆ ಇಳಿಸಿದ್ದನ್ನು ಕಲ್ಯಾಣದುರ್ಗದ ಜನ ಅದಕ್ಕೆ ಮುಂಚೆ ನೋಡಿರಲಿಲ್ಲ. "ಬರೋ ವಾರ ಬಿಟ್ಟು ಅದರ ಮುಂದಿನ ಸೋಮವಾರ ಬತ್ತೀನಿ. ಅದನ್ನ ನೋಡ್ದಂಗೂ ಆಯ್ತೈತೆ, ಹುಡ್ಗೀನ ನೋಡ್ದಂಗೂ ಆಯ್ತೈತೆ," ಎಂದರು. ಯಾವುದನ್ನು ಮೊದಲು ಹೇಳಿದರು ಎಂಬುದನ್ನು ಓದುಗರು ಗಮನಿಸಬೇಕು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ನಿರ್ಮಲಮ್ಮ ಕೇಳಿದರು. "ಏನ್ರೀ ಅದು, ಸರ್ವರ್ ಅಂದ್ರೆ?"

"ನಂಗೇನೇ ಗೊತ್ತು? ಅವ್ರು ಗಾಣ ಗಾಣ ಅಂತಿದ್ರಲ್ಲ, ನಮ್ಮನೇಲೂ ಏನಾದ್ರೂ ಇರ್ಲಿ ಅಂತ ಅಂದ್ಬುಟ್ಟೆ."

ವಿಷಯ ಕೇಳಿ ಪುಷ್ಪಲತಾ ಮೊದಲು ನಕ್ಕಳು. ಆಮೇಲೆ ನಗು ನಿಂತಿತು. "ಅಪ್ಪಾ, ನನ್ ಮದ್ವೆ ಮಧ್ಯಕ್ಕೆ ಡಬ್ಬ ಯಾಕ್ ತಂದೆ? ಸುಳ್ಳು ಅಂತ ಗೊತ್ತಾದ್ರೆ ಮಾವ ಬಾಗ್ಲು ತುಳೀತಾರಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಜಯಣ್ಣನಿಗೆ ಮಗಳ ಕಣ್ಣೀರೆಂದರೆ ತಡೆಯುವುದಿಲ್ಲ. ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಸರ್ವರ್ ತರಲು ಪೇಟೆಗೆ ಹೊರಟರು. ತಪ್ಪಾಯಿತು ಎಂದು ಕಲ್ಯಾಣದುರ್ಗಕ್ಕೆ ಒಂದು ಫೋನು ಮಾಡುವುದಕ್ಕಿಂತ ಅದು ಅವರಿಗೆ ಸುಲಭವಾಗಿ ಕಂಡಿತು.

ಬಸ್‌ಸ್ಟ್ಯಾಂಡ್ ಹತ್ತಿರ ಮಿಕ್ಸಿ, ಫ್ಯಾನು, ಕಂಪ್ಯೂಟರು ಮೂರನ್ನೂ ಒಂದೇ ಸ್ಕ್ರೂಡ್ರೈವರಿನಲ್ಲಿ ರಿಪೇರಿ ಮಾಡುವ ಓಬಣ್ಣನ ಅಂಗಡಿಯಿದೆ. ಓಬಣ್ಣ ಗೊತ್ತಿಲ್ಲ ಎಂದು ಹೇಳಿದ್ದನ್ನು ಯಾರೂ ಕೇಳಿಲ್ಲ.

"ಎಂಥ ಸರ್ವರ್ ಬೇಕಣ್ಣ?"

"ದೊಡ್ಡೋರ ಮನೇಲಿ ಇರ್ತೈತಲ್ಲ, ಅಂಥದ್ದು."

"ಬ್ಯಾಂಕಿಂದು, ಆಸ್ಪತ್ರೇದು ಎಲ್ಲಾ ಹಾಕ್ಬಹುದು, ಪರ್ಮಿಷನ್ ಬೇಕು. ಪರ್ಮಿಷನ್ ಇಲ್ದೆ ಹಾಕೋದಂದ್ರೆ ಆಟದ ಸರ್ವರ್ರು. ಫ್ರೀಯಾಗಿ ಸಿಕ್ತೈತೆ. ಆಕಾಶದಾಗೆ ಬೇಕಾದಷ್ಟು ಗ್ರಹ ಇರ್ತವೆ. ಒಂದು ಗ್ರಹದಾಗೆ ಸರಕು ಅಗ್ಗ, ಇನ್ನೊಂದರಾಗೆ ಪಿರಿಯ. ಹಡಗಿಗೆ ತುಂಬ್ಕೊಂಡೋಗಿ ಮಾರಾದು. ಊರೂರಿಂದ ಜನ ಅವರವರ ಫೋನಿನಾಗೇ ಸೇರ್ಕೊಂಡು ಆಡ್ತಾರೆ. ಅವ್ರೆಲ್ಲಾ ಬಂದು ಸೇರೋ ಸಂತೆ ಮೈದಾನ ನಿಮ್ಮನೇಲಿರ್ತೈತೆ."

"ವ್ಯಾಪಾರ ಅಂದ್ಯಾ?"

"ವ್ಯಾಪಾರಾನೇ."

"ಹಂಗಾದ್ರೆ ನಮ್ ಕಸುಬೇ ಆಯ್ತು. ಹಾಕ್ಬುಡು."

ಮರುದಿನ ಓಬಣ್ಣ ಆಟೋದಲ್ಲಿ ಒಂದು ಹಳೆಯ ಕಂಪ್ಯೂಟರ್ ಪೆಟ್ಟಿಗೆ ತಂದು ನಡುಮನೆಯಲ್ಲಿಟ್ಟ. ಅದರ ಫ್ಯಾನು ತಿರುಗಿದರೆ ಪಕ್ಕದ ಮನೆಯವರು ನಿರ್ಮಲಮ್ಮ ಇಡ್ಲಿಗೆ ರುಬ್ಬುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಒಂದು ಬ್ಯಾಟರಿ, ಒಂದು ಹೊಸ ಇಂಟರ್ನೆಟ್ ಡಬ್ಬಿ, ಗೋಡೆಯ ಮೇಲೆ ದೊಡ್ಡ ಪರದೆ. ಓಬಣ್ಣ ಕೆಳಗೆ ಕೂತು ಒಂದೊಂದನ್ನೇ ಕೇಳುತ್ತಾ ಹೋದ.

"ಗ್ರಹಗಳಿಗೆ ಹೆಸ್ರು ಕೇಳ್ತೈತಣ್ಣ. ಅದೇ ಇಟ್ಕೊಂಡಿರೋ ಇಂಗ್ಲಿಷ್ ಹೆಸ್ರು ಬಿಡಾನಾ?"

"ಬ್ಯಾಡ. ಕಂಡಿಲ್ದ ಊರಿಗೆ ಸರಕು ಕಳಿಸ್ದೋನು ಉದ್ಧಾರ ಆಗಲ್ಲ. ಬರ್ಕೋ: ಪರಿಗಿ, ಗೋರಂಟ್ಲ, ಸೋಮಂದೇಪಲ್ಲಿ..."

ಹೀಗೆ ಅಂತರಿಕ್ಷದ ತುಂಬ ನಮ್ಮ ಸುತ್ತಲಿನ ಮಂಡಲಗಳು, ಎಂದರೆ ಹೋಬಳಿಗಳು, ಹುಟ್ಟಿದವು. ಸರಕಿನ ಹೆಸರು ಕೇಳಿತು. ಅದರಲ್ಲಿ ಮೊದಲೇ ಇದ್ದ ಅದಿರು, ಇಂಧನ, ಯಂತ್ರೋಪಕರಣಗಳನ್ನು ಜಯಣ್ಣ ಒಪ್ಪಲಿಲ್ಲ. ಹುಣಸೆ, ಬೆಲ್ಲ, ಒಣಮೆಣಸಿನಕಾಯಿ ಎಂದು ಬರೆಸಿದರು. ಸೃಷ್ಟಿಯಾದಾಗಿನಿಂದ ಮೊದಲ ಬಾರಿಗೆ ಹುಣಸೆಹಣ್ಣು ನಕ್ಷತ್ರದಿಂದ ನಕ್ಷತ್ರಕ್ಕೆ ಸಾಗಲು ಸಿದ್ಧವಾಯಿತು.

"ಹೊರಗಿನ ಜನ ಒಳಕ್ಕೆ ಬರ್ಬೇಕಂದ್ರೆ ಈ ಡಬ್ಬೀಲಿ ಒಂದು ಬಾಗ್ಲು ತೆಗೆದಿಡ್ಬೇಕು," ಎಂದ ಓಬಣ್ಣ.

ನಿರ್ಮಲಮ್ಮ ಅಡಿಗೆಮನೆಯಿಂದಲೇ ಕೇಳಿದರು. "ಮುಂಬಾಗಿಲೋ ಹಿಂಬಾಗಿಲೋ?"

ಓಬಣ್ಣನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಮುಂಬಾಗಿಲೇ ಅನ್ಕೊಳ್ರಮ್ಮ."

"ಹಂಗಾದ್ರೆ ದೀಪ ಹಚ್ಚೋ ಹೊತ್ನಲ್ಲಿ ಮುಚ್ಬ್ಯಾಡ. ಲಕ್ಷ್ಮಿ ಬರೋ ಹೊತ್ತು. ಹಿಂಬಾಗ್ಲು ಇದ್ರೆ ಮಾತ್ರ ಹಾಕ್ಬುಡು."

ಕೊನೆಗೆ ಪರದೆಯ ಮೇಲೆ ಒಂದೇ ಪ್ರಶ್ನೆ ಉಳಿಯಿತು: ಬ್ರಹ್ಮಾಂಡವನ್ನು ಸೃಷ್ಟಿಸಲೇ? ಓಬಣ್ಣ ಬೆರಳೆತ್ತಿದ. ನಿರ್ಮಲಮ್ಮ ಪಂಚಾಂಗ ಹಿಡಿದುಕೊಂಡು ಓಡಿಬಂದರು.

"ನಿಲ್ಸಪ್ಪ! ಶುಕ್ರವಾರ, ರಾಹುಕಾಲ ನಡೀತೈತೆ. ರಾಹುಕಾಲದಾಗೆ ಬ್ರಹ್ಮಾಂಡ ಮಾಡ್ತೀಯಾ? ಈಗಿರೋದು ಹಿಂಗಾಗಿರೋದೇ ಅದಕ್ಕೆ."

ಓಬಣ್ಣ ಟೀ ಕುಡಿಯಲು ಹೋದ. ರಾಹುಕಾಲ ಕಳೆದ ಮೇಲೆ ಪೆಟ್ಟಿಗೆಗೆ ಮೂರು ಬೆರಳಿನ ವಿಭೂತಿ ಎಳೆದು, ಕರ್ಪೂರ ಹಚ್ಚಿ, ತೆಂಗಿನಕಾಯಿ ಒಡೆದು ಜಯಣ್ಣನವರೇ ಗುಂಡಿ ಒತ್ತಿದರು. ಬ್ರಹ್ಮಾಂಡ ಸೃಷ್ಟಿಯಾಯಿತು. ತೆಂಗಿನಕಾಯಿ ನೀರು ಸ್ವಲ್ಪ ಬ್ಯಾಟರಿಯ ಮೇಲೆ ಬಿದ್ದು ಎರಡು ಸಲ ಚಟಚಟ ಎಂದಿತು, ಅಷ್ಟೆ.

ಓಬಣ್ಣ ಹೋದ ಮೇಲೆ ಪುಷ್ಪಲತಾ ಕೂತು ಅವನು ತಪ್ಪು ಹಾಕಿದ್ದನ್ನೆಲ್ಲ ಸರಿಮಾಡಿದಳು. ಅವಳಿಗೆ ಸಿಟ್ಟಿತ್ತು, ಆದರೆ ಲೆಕ್ಕದವರಿಗೆ ಅರ್ಧ ಬಿಟ್ಟ ಲೆಕ್ಕ ಕಂಡರೆ ಕೈ ತಡೆಯುವುದಿಲ್ಲ. ಸರಿಹೋಯಿತೋ ಇಲ್ಲವೋ ಎಂದು ನೋಡಲು ಹೊರಗಿನವರು ಒಬ್ಬರು ಬೇಕಿತ್ತು. ಅವಳಿಗೆ ಬೇಕಾದ ಹೊರಗಿನವನು ಕಲ್ಯಾಣದುರ್ಗದಲ್ಲಿದ್ದ. ಅವತ್ತೇ ಸಂಜೆ, ದೀಪ ಹಚ್ಚುವ ಹೊತ್ತಿನಲ್ಲಿ, ನಿರ್ಮಲಮ್ಮ ತೆರೆದಿಡಿಸಿದ ಬಾಗಿಲಿನಿಂದ ತಿಪ್ಪೇಶನ ಹಡಗು ಒಳಗೆ ಬಂತು. ನಾಲ್ಕಾರು ದಿನದಲ್ಲಿ ಅವಳ ಕಾಲೇಜಿನ ಮಕ್ಕಳ ಹಡಗುಗಳೂ ಬಂದವು. ಪುಷ್ಪಲತಾ, ತಿಪ್ಪೇಶ ಇಬ್ಬರೂ ಮೊದಲು ಎದುರಾಳಿಗಳಾಗಿ ಆಡಿದರು, ಆಮೇಲೆ ಪಾಲುದಾರರಾದರು. ಆಟದಲ್ಲಿ ಅದಕ್ಕೂ ಅವಕಾಶವಿದೆ. ಅಪ್ಪಂದಿರಿಗೆ ಇದೊಂದೂ ಗೊತ್ತಿರಲಿಲ್ಲ.

ಜಯಣ್ಣನಿಗೆ ಬೇರೆ ಕೆಲಸ ಹತ್ತಿಕೊಂಡಿತ್ತು. ಓಬಣ್ಣ ಟೀ ಅಂಗಡಿಯಲ್ಲಿ, "ಜಯಣ್ಣೋರ ಮನೇಲಿ ಸರ್ವರ್ ಕೂರ್ಸ್‌ಬಂದೆ," ಎಂದಷ್ಟೇ ಹೇಳಿದ್ದ. ಯಾವ ಸರ್ವರ್ ಎಂದು ಅವನು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಊರಿಗೆ ಗೊತ್ತಿದ್ದುದು ಒಂದೇ ಸರ್ವರ್. ಯಾವಾಗಲೂ ಇಲ್ಲದೆ ಇರುವ ಸರ್ವರ್. ಅದು ಇಷ್ಟು ದಿನ ಎಲ್ಲಿತ್ತು ಎಂದು ಈಗ ತಿಳಿದಂತಾಯಿತು.

ಮೊದಲು ಬಂದವರು ಹಿಂದಿನ ಬೀದಿಯ ಮುನೆಮ್ಮ.

"ಜಯಣ್ಣ, ನನ್ ಹೆಬ್ಬೆಟ್ಟು ತಗೊಳ್ತಾ ಇಲ್ಲ ಕಣಪ್ಪ. ಅಕ್ಕಿ ಕೊಡಲ್ಲ ಅಂತಾರೆ. ಹೋದಾಗೆಲ್ಲಾ 'ಸರ್ವರ್ ಲೇದಮ್ಮಾ, ತರ್ವಾತ ಚೂದ್ದಾಂ' ಅಂತಾರೆ, ಆಮೇಲೆ ನೋಡಾನ ಅಂತ. ನಿಮ್ಮನೇಲೇ ಐತಂತಲ್ಲ, ಒಸಿ ಹೇಳಪ್ಪ ಅದಕ್ಕೆ."

"ಅದು ಅಂಥದ್ದಲ್ಲ ಮುನೆಮ್ಮ," ಎಂದರು ಜಯಣ್ಣ.

"ಗೊತ್ತು ಕಣಪ್ಪ, ನೀನು ಹೇಳ್ಕೊಳ್ಳಂಗಿಲ್ಲ. ನಾನೇನು ಊರೆಲ್ಲಾ ಸಾರ್ತೀನಾ?" ಎಂದು ಮುನೆಮ್ಮ ಒಳಗೆ ಬಂದು, ವಿಭೂತಿ ಹಚ್ಚಿದ ಪೆಟ್ಟಿಗೆಗೆ ಕೈಮುಗಿದು, ಅದರ ನೆತ್ತಿಯ ಮೇಲೆ ಹೆಬ್ಬೆಟ್ಟು ಒತ್ತಿ ಹೋದರು. ಮರುದಿನ ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟು ತೆಗೆದುಕೊಂಡುಬಿಟ್ಟಿತು. ಯಂತ್ರದ ಗಾಜು ಒರೆಸಿದ್ದರೋ, ದೇವರು ಕಣ್ಣುಬಿಟ್ಟನೋ ಹೇಳಲಾರೆ. ಅಕ್ಕಿ ಚೀಲ ಹೊತ್ತುಕೊಂಡು ಮುನೆಮ್ಮ ಪ್ರತಿ ಬಾಗಿಲಲ್ಲೂ ನಿಂತು, ಯಾರಿಗೂ ಹೇಳಬೇಡಿ ಎಂದು ಹೇಳಿಕೊಂಡು ಹೋದರು.

ಆಮೇಲೆ ನಮ್ಮ ಬೀದಿಯಲ್ಲಿ ಸೈಕಲ್ ಹೋಗಲೂ ಜಾಗವಿರಲಿಲ್ಲ. ಪಿಂಚಣಿಯವರು, ಗ್ಯಾಸಿನವರು, ಆಧಾರಿನಲ್ಲಿ ಗಂಡನ ಹೆಸರಿನ ಜಾಗದಲ್ಲಿ ಭಾವನ ಹೆಸರು ಬಿದ್ದವರು. ಎಲ್ಲರೂ ಬಂದು ಪೆಟ್ಟಿಗೆಗೆ ಹೆಬ್ಬೆಟ್ಟು ಒತ್ತಿದರು. ಜಯಣ್ಣ ಮೊದಲೆರಡು ದಿನ "ಅದು ಆಟದ್ದು" ಎಂದು ಹೇಳಿ ನೋಡಿದರು. ದೊಡ್ಡವರು ಬಡವರನ್ನು ಸಾಗಹಾಕುವ ರೀತಿಯೇ ಹೀಗೆ ಎಂದು ಜನ ಬೇಸರ ಮಾಡಿಕೊಂಡರು. ಮೂರನೇ ದಿನ ಜಯಣ್ಣ ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿ, ಹೆಗಲಿಗೆ ಇಸ್ತ್ರಿ ಮಾಡಿದ ಟವಲು ಹಾಕಿಕೊಂಡು ಕೂತರು. ಕೇಳಿದವರಿಗೆಲ್ಲ "ತರ್ವಾತ ಚೂದ್ದಾಂ" ಎಂದರು. ಅದನ್ನು ಹೇಳುವಾಗ ಮುಖ ಮೇಲೆತ್ತಬಾರದು ಎಂಬುದನ್ನೂ ಅವರಿಗೆ ಯಾರೂ ಕಲಿಸಬೇಕಾಗಲಿಲ್ಲ.

ಸುದ್ದಿ ಕಚೇರಿಗೆ ಮುಟ್ಟಿತು. ಯಾವ ಕಚೇರಿ ಎನ್ನುವುದು ಬೇಡ. ಸರ್ವರ್ ಇಲ್ಲದ ಕಚೇರಿ ಎಂದರೆ ಯಾವುದಾದರೂ ಆಗಬಹುದು. ಅಲ್ಲಿನ ಕೇಶವಯ್ಯ ಎಂಬ ಗುಮಾಸ್ತರು ಸಿಟ್ಟಿನಿಂದ ಬಂದರು. ಸರ್ವರ್ ಇಲ್ಲ ಎಂದು ಹೇಳುವ ಹಕ್ಕು ತಮ್ಮೊಬ್ಬರದೇ ಎಂದು ಅವರು ತಿಳಿದಿದ್ದರು.

"ಏಮಿಟಿದಿ, ಏನಿದು ಜಯಣ್ಣೋರೇ? ಆರ್ಡರ್ ಐತಾ ನಿಮ್ಹತ್ರ? ಯಾರು ಕೊಟ್ಟಿದ್ದು ಸರ್ವರ್ರು?" ಎಂದು ಕೂಗಾಡುತ್ತಾ ಒಳಗೆ ನುಗ್ಗಿದವರು ಪರದೆಯನ್ನು ನೋಡಿ ನಿಂತುಬಿಟ್ಟರು. ಪರಿಗಿ: ಬೆಲ್ಲ, ದಾಸ್ತಾನು ಕಡಿಮೆ. ಸೋಮಂದೇಪಲ್ಲಿ: ಹುಣಸೆ, ದಾಸ್ತಾನು ಹೆಚ್ಚು. ಗೋರಂಟ್ಲ: ಹಡಗು ಹೊರಟಿದೆ. ಕ್ಷಣಕ್ಷಣಕ್ಕೂ ಅಂಕಿಗಳು ಬದಲಾಗುತ್ತಿದ್ದವು. ತಮ್ಮ ಕಚೇರಿಯ ಪರದೆಯಲ್ಲಿ ಅಂಕಿ ಅಲುಗಾಡಿದ್ದನ್ನು ಕೇಶವಯ್ಯ ಕಂಡೇ ಇರಲಿಲ್ಲ.

"ಎಲ್ಲಾ ಮಂಡಲಗಳೂ ಅವೆ," ಎಂದು ಅವರು ಪಿಸುಗುಟ್ಟಿದರು. ಚಪ್ಪಲಿ ಹಾಕಿಕೊಂಡೇ ಬಂದಿದ್ದೆ ಎಂದು ನೆನಪಾಗಿ ಹೊರಗೆ ಬಿಟ್ಟು ಬಂದರು. "ಇದು ಮೇಲಿನೋರದ್ದು. ಮೊದಲೇ ಒಂದ್ಮಾತು ಹೇಳಬಾರದಾ ಸಾರ್? ಹಡಗು ಅಂದ್ರೆ ಏನ್ ಸಾರ್, ಹೊಸ ಸ್ಕೀಮಾ?"

ಜಯಣ್ಣ ಟವಲು ಸರಿಮಾಡಿಕೊಂಡು ಮುಖ ಬೇರೆ ಕಡೆ ತಿರುಗಿಸಿದರು. ಕೇಶವಯ್ಯನವರು ಅದನ್ನು ಸರ್ಕಾರಿ ಗುಟ್ಟು ಎಂದು ಗೌರವಿಸಿ ಹೊರಟುಹೋದರು. ಅಂದಿನಿಂದ ಕಚೇರಿಗೆ ಯಾರೇ ಬಂದರೂ, "ನಮ್ಮದೇನೂ ಇಲ್ಲಮ್ಮ, ಎಲ್ಲಾ ಜಯಣ್ಣೋರ ಮನೆಯಿಂದಾನೇ ಆಗಬೇಕು," ಎಂದು ಹೇಳಿ ನೆಮ್ಮದಿಯಾಗಿ ಫ್ಯಾನಿನ ಕೆಳಗೆ ಕೂತರು.

ಸೋಮವಾರ ಬಂತು. ರುದ್ರಮುನಿ ಮಗನೊಂದಿಗೆ ಕಾರಿನಲ್ಲಿ ಬಂದರೆ ಕಾರು ಬೀದಿಯೊಳಗೆ ಹೋಗಲಿಲ್ಲ, ಅಷ್ಟು ಜನ. ನಡೆದುಕೊಂಡು ಬಂದರು. "ಯಾರ್ ಸತ್ರಪ್ಪ?" ಎಂದು ಒಬ್ಬರನ್ನು ಕೇಳಿದರು. "ಸಾಯೋದೇನಣ್ಣ, ಜಯಣ್ಣೋರ್ನ ನೋಡಾಕ್ ಬಂದಿರೋದು. ಲೈನಲ್ಲಿ ನಿಂತ್ಕೊ," ಎಂಬ ಉತ್ತರ ಬಂತು. ರುದ್ರಮುನಿ ತಮ್ಮ ಜೀವಮಾನದಲ್ಲಿ ಮೊದಲ ಸಲ ನೆಂಟರ ಮನೆಗೆ ಲೈನಿನಲ್ಲಿ ನಿಂತು ಒಳಗೆ ಬಂದರು.

ಪುಷ್ಪಲತಾ ರೇಷ್ಮೆ ಸೀರೆಯುಟ್ಟು ಕಾಫಿ ತಂದಳು. ರುದ್ರಮುನಿ ಲೋಟ ತೆಗೆದುಕೊಂಡರು. ಕಣ್ಣು ಮಾತ್ರ ಅವಳ ಭುಜದಾಚೆ ಪೆಟ್ಟಿಗೆಯ ಮೇಲಿತ್ತು. ತಿಪ್ಪೇಶ ಅವಳನ್ನೇ ನೋಡುತ್ತಿದ್ದ. ಜಯಣ್ಣ ಯಾರನ್ನೂ ನೋಡುತ್ತಿರಲಿಲ್ಲ.

"ಜಯಣ್ಣ," ಎಂದು ರುದ್ರಮುನಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ಗಾಣದ ಜಾಗ ನಮ್ಮಪ್ಪನ ಹೆಸ್ರಲ್ಲೈತೆ. ನನ್ ಹೆಸ್ರಿಗೆ ಮಾಡ್ಬುಡು. ಈಗ್ಲೇ ಆಯ್ತೈತಾ?"

ನಿಜ ಹೇಳಿದರೆ ಸಂಬಂಧ ಹೋಯಿತು. ಆಗುತ್ತದೆ ಎಂದರೆ ಮಾಡಿ ತೋರಿಸಬೇಕು. ಅಷ್ಟು ದಿನದ ಅಭ್ಯಾಸಬಲದಿಂದ ಜಯಣ್ಣನ ಬಾಯಿ ತಾನಾಗಿಯೇ ಆಡಿತು: "ಈಗ ಸರ್ವರ್ ಡೌನ್ ಐತೆ ಭಾವ."

ಇನ್ನೇನು ಎದ್ದು ಹೋಗುತ್ತಾರೆ ಎಂದು ನಿರ್ಮಲಮ್ಮ ಸೆರಗು ಬಾಯಿಗೆ ಹಿಡಿದರು. ರುದ್ರಮುನಿಯವರ ಮುಖ ಅರಳಿತು. ಅವರು ಎದ್ದು ಪೆಟ್ಟಿಗೆಗೆ ಕೈಮುಗಿದರು.

"ಇದು ಅಸಲಿ ಕಣಯ್ಯಾ! ಇಷ್ಟೊತ್ತೂ ನಂಗೆ ಒಸಿ ಅನುಮಾನಾನೇ ಇತ್ತು."

ಕೂತವರು ಹೆಗಲ ಮೇಲಿನ ಟವಲು ತೆಗೆದು ಮೊಣಕಾಲ ಮೇಲೆ ಹಾಸಿದರು. ಮಂಡಿಯ ಜನಕ್ಕೆ ಅದರ ಅರ್ಥ ಗೊತ್ತು. ಟವಲಿನ ಕೆಳಗೆ ಕೈ ಸೇರಿಸಿ ಬೆರಳು ಹಿಡಿದು ರೇಟು ಹೇಳುವುದು. ಸುತ್ತ ನಿಂತವರಿಗೆ ಏನೂ ತಿಳಿಯಬಾರದು. ಬಾಗಿಲಲ್ಲಿದ್ದ ಜನ ಕತ್ತು ಚಾಚಿ ನೋಡಿದರು. ಜಯಣ್ಣ ಕೈ ತೂರಿಸಿದರು. ರುದ್ರಮುನಿ ಅವರ ಒಂದು ಬೆರಳನ್ನು ಗಟ್ಟಿಯಾಗಿ ಹಿಡಿದರು.

ಒಂದು ಏನು ಎಂದು ಜಯಣ್ಣನಿಗೆ ಹೊಳೆಯಲಿಲ್ಲ. ಒಂದು ಸೈಟೋ? ಒಂದು ಕಾರೋ? ಗಾಬರಿಯಿಂದ ರುದ್ರಮುನಿಯವರ ಅರ್ಧ ಬೆರಳು ಹಿಡಿದು ತಿರುಗಿ ಕೊಟ್ಟರು.

"ಅರ್ಧ ಹೆಂಗಯ್ಯಾ ಕೊಡ್ತೀಯ?" ಎಂದು ರುದ್ರಮುನಿ ಕೋಪದಿಂದ ಬಾಯಿಬಿಟ್ಟೇ ಹೇಳಿದರು. "ಗರಗಸದಾಗೆ ಕುಯ್ತೀಯಾ? ನಂಗೆ ಚಿನ್ನ ಬ್ಯಾಡ, ಬೆಳ್ಳಿ ಬ್ಯಾಡ. ಹುಡ್ಗಿ ಜತೇಲಿ ಸರ್ವರ್ ಕಲ್ಯಾಣದುರ್ಗಕ್ಕೆ ಬರ್ಬೇಕು. ಒಂದು ಅಂದ್ರೆ ಅದು."

ಬಾಗಿಲಲ್ಲಿ ಗಲಾಟೆ ಎದ್ದಿತು. ಮುನೆಮ್ಮ ಎಲ್ಲರನ್ನೂ ತಳ್ಳಿಕೊಂಡು ಒಳಗೆ ಬಂದರು.

"ಅದೆಲ್ಲಾ ಆಗಾಕಿಲ್ಲ! ಹುಡ್ಗೀನ ಬೇಕಾದ್ರೆ ಇವತ್ತೇ ಕರ್ಕೊಂಡೋಗ್ರಿ. ಸರ್ವರ್ ಮಾತ್ರ ಊರು ಬಿಟ್ಟು ಹೋಗಂಗಿಲ್ಲ."

"ಹೌದೌದು, ಹುಡ್ಗೀನ ಕೊಡ್ರಿ, ಸರ್ವರ್ ಕೊಡ್ಬ್ಯಾಡ್ರಿ," ಎಂದು ಬೀದಿಯೆಲ್ಲ ಕೂಗಿತು. ಕೇಶವಯ್ಯನವರು ಎಲ್ಲಿದ್ದರೋ ಬಂದು, ಸರ್ವರನ್ನು ಒಂದು ಊರಿಂದ ಇನ್ನೊಂದು ಊರಿಗೆ ವರ್ಗ ಮಾಡಲು ಮೇಲಿನಿಂದ ಆರ್ಡರ್ ಬರಬೇಕು, ಹುಡುಗಿಯ ವಿಷಯದಲ್ಲಿ ಮಾತ್ರ ಇಲಾಖೆಯ ಅಭ್ಯಂತರವಿಲ್ಲ ಎಂದು ತಿಳಿಸಿದರು.

ಜಯಣ್ಣ ಮಗಳ ಕಡೆ ನೋಡಿದರು. ಪುಷ್ಪಲತಾ ಖಾಲಿ ಟ್ರೇ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಇಷ್ಟು ಜನ ಇಷ್ಟು ಜೋರಾಗಿ ಜಗಳವಾಡುತ್ತಿದ್ದರು. ಅವಳಿಗಾಗಿ ಒಬ್ಬರೂ ಆಡುತ್ತಿರಲಿಲ್ಲ. ಅಷ್ಟು ದಿನ ಇಸ್ತ್ರಿ ಟವಲಿನಲ್ಲಿ ಕೂತು ಸುಖಪಟ್ಟದ್ದಕ್ಕೆ ಅಪ್ಪನಿಗೆ ನಾಚಿಕೆಯಾಯಿತು.

"ಎಲ್ರೂ ಬಾಯ್ ಮುಚ್ರಯ್ಯಾ!" ಎಂದು ಕೂಗಿದರು. ಜಯಣ್ಣ ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಸರ್ವರ್ರೂ ಇಲ್ಲ ಮಣ್ಣೂ ಇಲ್ಲ. ಅದು ಆಟದ್ದು! ಹಡಗು ಬಿಡೋ ಆಟ! ಭಾವ, ನೀವು ಗಾಣ ಗಾಣ ಅಂತಿದ್ರಿ, ಹೊಟ್ಟೆಕಿಚ್ಚಿಗೆ ಸುಳ್ಳು ಹೇಳ್ದೆ. ಅಕ್ಕಿ, ಪಿಂಚಣಿ, ಜಮೀನು ಒಂದೂ ಅದರಾಗಿಲ್ಲ. ನನ್ನ ಮನೇಲಿ ಇರೋದು ಒಂದೇ ಒಳ್ಳೇದು. ಅಗೋ ಅಲ್ಲಿ ಟ್ರೇ ಹಿಡ್ಕೊಂಡು ನಿಂತೈತೆ. ಬೇಕಾದ್ರೆ ಅದನ್ನ ನೋಡ್ರಿ, ಬ್ಯಾಡಾದ್ರೆ ಹೊರಡ್ರಿ."

ಮುನೆಮ್ಮ ಮೆಚ್ಚುಗೆಯಿಂದ ತಲೆದೂಗಿದರು.

"ಎಂಗ್ ಹೇಳ್ದ ನೋಡು! ಊರಿನ ಸರ್ವರ್ ಉಳಿಸ್ಕೊಳ್ಳಾಕೆ ತಾನು ಸುಳ್ಳುಗಾರ ಅನ್ನಿಸ್ಕೊಂಡ ಮಹಾನುಭಾವ."

ಇಡೀ ಬೀದಿ ಹೌದೆಂದಿತು. ರುದ್ರಮುನಿಯೂ ಅದನ್ನೇ ನಂಬಿದರು, ಆದರೆ ಮೆಚ್ಚಲಿಲ್ಲ. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

"ಒಂದು ಡಬ್ಬ ಕೊಡಾಕ್ ಮನಸಿಲ್ದೋನು ಮಗಳ್ನ ಏನ್ ಕೊಟ್ಟಾನು? ಏಳ್ಲಾ ತಿಪ್ಪೇಶ, ಹೋಗಾನ."

ತಿಪ್ಪೇಶ ಏಳಲಿಲ್ಲ. ಆ ಹುಡುಗ ಅಪ್ಪನ ಎದುರು ಹೆಚ್ಚು ಮಾತಾಡಿದವನಲ್ಲ. "ಅಪ್ಪ, ಮಾವ ಹೇಳ್ತಿರೋದು ನಿಜ. ಅದು ಆಟಾನೇ. ನಾನು ಮೊದಲ್ನೇ ದಿನದಿಂದ ಗಾಣದಾಗೆ ಕೂತ್ಕೊಂಡೇ ಆಡ್ತಿದ್ದೀನಿ."

"ಏನಾಟ?"

"ವ್ಯಾಪಾರದಾಟ. ಪುಷ್ಪಾನೂ ನಾನೂ ಪಾಲು ಕೂಡಿದ್ದೀವಿ."

ರುದ್ರಮುನಿ ಮತ್ತೆ ಕೂತರು. ಮಗ ಪ್ರೀತಿ ಮಾಡಿದ್ದೇನೆ ಎಂದಿದ್ದರೆ ಅವರು ಬೈದು ಎಳೆದುಕೊಂಡು ಹೋಗುತ್ತಿದ್ದರು, ಅದಕ್ಕೆ ಬೈಗುಳಗಳಿವೆ. ಪಾಲುದಾರಿಕೆ ಹಾಗಲ್ಲ. ಅದು ಗಂಭೀರವಾದ ವಿಷಯ.

"ನನ್ ಕೇಳ್ದೆ ಪಾಲು ಕೂಡಿದ್ಯಾ?"

"ಹೂಂ."

"ಒಂದ್ಸಲ ಪಾಲು ಕೂಡಿ ಮುರ್ಕೊಂಡೋನ್ಗೆ ನಮ್ ಪೇಟೇಲಿ ಯಾರೂ ಒಂದು ಚೀಲ ಕಾಯಿ ಹಾಕಲ್ಲ, ಗೊತ್ತೇನ್ಲಾ? ಆಟ ಆದ್ರೇನು, ಪಾಲು ಪಾಲೇ." ಅವರು ಮೊದಲ ಬಾರಿಗೆ ಪುಷ್ಪಲತಾಳ ಕಡೆ ತಿರುಗಿದರು. "ತೋರ್ಸಮ್ಮ ನಿಮ್ ವ್ಯಾಪಾರ."

ಪುಷ್ಪಲತಾ ಟ್ರೇ ಕೆಳಗಿಟ್ಟು, ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಪರದೆಯ ಮುಂದೆ ಕೂತಳು. ಹಡಗು, ಸರಕು, ಗ್ರಹ ಎಲ್ಲವನ್ನೂ ತೋರಿಸಿದಳು. ರುದ್ರಮುನಿ ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿದರು.

"ಹುಣಸೆ ತುಂಬ್ಕೊಂಡು ಸೋಮಂದೇಪಲ್ಲಿ ಪಕ್ಕದಾಗೇ ಹೋಗಿದ್ದೀಯಲ್ಲ, ಅಲ್ಲೇ ಯಾಕ್ ಮಾರ್ಲಿಲ್ಲ?"

"ಅಲ್ಲಿ ಎಲ್ರೂ ತಂದ್ ಸುರೀತಾರೆ ಮಾವ, ರೇಟು ಬಿದ್ದೋಗ್ತೈತೆ. ತಡೆದು ಗೋರಂಟ್ಲಕ್ಕೆ ಹೊಡೆದೆ. ಅಲ್ಲಿ ಖಾಲಿಯಾಗಿತ್ತು."

"ಖಾಲಿಯಾಗಿರ್ತೈತೆ ಅಂತ ಹೆಂಗ್ ಗೊತ್ತಾಯ್ತು?"

"ಹಿಂದಿನ ದಿನ ನಾನೇ ಎಲ್ಲಾ ಕೊಂಡ್ಕೊಂಬುಟ್ಟಿದ್ದೆ."

ರುದ್ರಮುನಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಲ್ಯಾಣದುರ್ಗದ ಕಡಲೆಕಾಯಿ ಪೇಟೆಯಲ್ಲಿ ಈ ವಿದ್ಯೆ ಬಂದವರು ಇಬ್ಬರೇ. ಒಬ್ಬರು ತೀರಿಹೋಗಿದ್ದರು, ಇನ್ನೊಬ್ಬರು ತಾವೇ.

"ಶುರುವಿನಾಗೆ ಯಾರ್ದು ಎಷ್ಟು ಪಾಲು?"

"ಸಮಸಮ ಮಾವ."

"ಈಗ?"

ಪುಷ್ಪಲತಾ ತಿಪ್ಪೇಶನ ಕಡೆ ನೋಡಿದಳು. ತಿಪ್ಪೇಶ ತನ್ನ ಕಾಲುಬೆರಳು ನೋಡಿಕೊಂಡ. "ಮೂರು ಪಾಲು ನಂದು," ಎಂದಳು ಅವಳು. "ಒಂದು ಅವ್ರದು."

ರುದ್ರಮುನಿ ಮಗನ ಮುಖವನ್ನು ತುಂಬ ಹೊತ್ತು ನೋಡಿದರು. ಅವನು ನಾಚಿಕೆಪಡುವುದು ಬಿಟ್ಟು ಸುಖವಾಗಿ ನಗುತ್ತಿದ್ದ. ಅದನ್ನು ನೋಡಿ ಅವರು ಅಡಿಗೆಮನೆಯ ಕಡೆ ತಿರುಗಿ ಅವಸರದಿಂದ ಕೂಗಿದರು.

"ನಿರ್ಮಲಾ, ತಾಂಬೂಲದ ತಟ್ಟೆ ತಗೊಂಬಾರಮ್ಮ ಬ್ಯಾಗ! ಆ ಇನ್ನೊಂದು ಪಾಲೂ ಹೋಗೋದ್ರೊಳಗೆ ಇವಳ್ನ ನಮ್ಮನೆಗೆ ತುಂಬಿಸ್ಕೊಂಬುಡಾನ."

ಜಯಣ್ಣ ಇಸ್ತ್ರಿ ಟವಲಿನಿಂದ ಕಣ್ಣು ಒರೆಸಿಕೊಂಡರು. ತಟ್ಟೆ ಬಂತು. ತಿಪ್ಪೇಶನ ಪಾಲಿನ ಎಲೆಅಡಿಕೆ ಅವನ ಕೈಗೆ ಬಂದಾಗ, ಪಕ್ಕದಲ್ಲಿ ಕೂತ ಪುಷ್ಪಲತಾಳನ್ನು ಒಂದು ಸಲ ನೋಡಿ, ಅವನು ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ.